ಸುಳ್ಳಿನ ಪೀರಿಯಡ್ಡು ಮತ್ತು ನೀರುಗಂಟಿಯ ಮಗಳು

ಬೇಸಿಗೆ ಬಂತೆಂದರೆ ಈಗಲೂ ನನಗೆ ಫೋನುಗಳು ಬರುತ್ತವೆ. ಮಾಡುವವರು ಹೆಚ್ಚಾಗಿ ಹೊಸದಾಗಿ ಶಾಲೆಯ ಕೆಲಸಕ್ಕೆ ಸೇರಿದ ಹುಡುಗಿಯರು, ಹುಡುಗರು. ಮಕ್ಕಳಿಗೆ ಕಥೆ, ಕವನ ಬರೆಯುವ ಶಿಬಿರ ನಡೆಸಿ ಎಂದು ಮೇಲಿನವರು ಹೇಳಿದ್ದಾರೆ ಮೇಡಂ, ನಿಮ್ಮ ಹತ್ತಿರ ವೇಳಾಪಟ್ಟಿ ಇದ್ದರೆ ಕಳಿಸಿ ಎನ್ನುತ್ತಾರೆ. ವೇಳಾಪಟ್ಟಿ ನನ್ನ ಹತ್ತಿರ ಇಲ್ಲ. ಇದ್ದಾಗಲೂ ಅದರಂತೆ ಒಂದು ದಿನ ನಡೆದವಳಲ್ಲ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಗಂಟಲು ನೋಯಿಸಿಕೊಳ್ಳುವ ಬದಲು ಒಂದು ಸಲ ಬರೆದಿಟ್ಟರೆ ವಾಸಿ ಎಂದು ಕೂತಿದ್ದೇನೆ. ಬೇಕಾದ್ದನ್ನು ತೆಗೆದುಕೊಳ್ಳಿ, ಬೇಡವಾದ್ದನ್ನು ಅಜ್ಜಿಯ ಹರಟೆ ಎಂದು ಬಿಡಿ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಉಳಿದವರು ಏಪ್ರಿಲ್ ಬಂದ ಕೂಡಲೇ ತವರಿಗೆ ಹೊರಟರೆ ನಾನು ಬ್ಯಾಗಿನಲ್ಲಿ ಸೀಮೆಸುಣ್ಣದ ಡಬ್ಬಿ, ಎರಡು ಸೀರೆ ಹಾಕಿಕೊಂಡು ಶಿಬಿರಕ್ಕೆ ಹೊರಡುತ್ತಿದ್ದೆ. ಒಂದು ವರ್ಷ ಚನ್ನಗಿರಿ, ಇನ್ನೊಂದು ವರ್ಷ ಹೊನ್ನಾಳಿ, ಆಮೇಲೆ ನ್ಯಾಮತಿ, ಜಗಳೂರು. ನಮ್ಮ ಯಜಮಾನರು ಮೊದಮೊದಲು ಮುಖ ಗಂಟಿಕ್ಕುತ್ತಿದ್ದರು. ಆಮೇಲೆ ಅವರೇ ಬಸ್ ಸ್ಟ್ಯಾಂಡಿಗೆ ಬಿಟ್ಟು, ಹೋಗಿ ಬಾ, ಸುಳ್ಳು ಕಲಿಸಿ ಬಾ ಎಂದು ಕಿಚಾಯಿಸುತ್ತಿದ್ದರು. ಆ ಸುಳ್ಳಿನ ವಿಷಯವನ್ನೇ ನಿಮಗೆ ಹೇಳಬೇಕಾಗಿರುವುದು.

ನನ್ನ ಮೊದಲ ಶಿಬಿರ ತ್ಯಾವಣಿಗೆಯಲ್ಲಿ. ಮಕ್ಕಳಿಗೆ ಕಾಗದ ಕೊಟ್ಟು ಕಥೆ ಬರೆಯಿರಿ ಎಂದೆ. ಎಲ್ಲರೂ ತಲೆ ಬಗ್ಗಿಸಿ ಬರೆದರು. ನನಗೋ ಹಿಗ್ಗು. ಓದಿದರೆ ಎಲ್ಲ ಕಾಗದದಲ್ಲೂ ಒಬ್ಬ ರಾಜ, ಅವನಿಗೆ ಮೂವರು ಮಕ್ಕಳು, ಕೊನೆಯಲ್ಲಿ ಒಂದು ನೀತಿ. ಮರುದಿನ ರಾಜನನ್ನು ಬಿಟ್ಟು ಬರೆಯಿರಿ ಎಂದೆ. ರಾಜ ಹೋಗಿ ಮಂತ್ರಿ ಬಂದ. ಮೂವರು ಮಕ್ಕಳು ಹಾಗೆಯೇ ಉಳಿದರು. ಆ ಮಕ್ಕಳು ದಡ್ಡರಾಗಿರಲಿಲ್ಲ. ಶಾಲೆಯಲ್ಲಿ ಬರೆಯುವುದೆಂದರೆ ತಪ್ಪಿಲ್ಲದ್ದನ್ನು ಬರೆಯುವುದು ಎಂದು ನಾವೇ ಕಲಿಸಿದ್ದೆವು, ಅವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು ಅಷ್ಟೆ.

ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಒಬ್ಬ ಹುಡುಗ ತಡವಾಗಿ ಬಂದ. ಯಾಕೆ ತಡ ಎಂದು ಗದರಿಸಿದೆ.

"ನಮ್ಮ ಎಮ್ಮೆ ನನ್ನ ಚಪ್ಪಲಿ ಮೇಲೆ ಮಲಗಿತ್ತು ಮಿಸ್. ಎಬ್ಬಿಸಿದ್ರೆ ಹಾಲು ಕಮ್ಮಿ ಕೊಡ್ತೈತೆ ಅಂತ ಅವ್ವ ಎಬ್ಬಿಸಾಕೆ ಬಿಡ್ಲಿಲ್ಲ."

ಚಪ್ಪಲಿ ಅವನ ಕಾಲಲ್ಲೇ ಇತ್ತು, ಒಂದು ಚೂರೂ ಸಗಣಿ ಮೆತ್ತಿರಲಿಲ್ಲ. ಆದರೂ ಯಾಕೋ ಬೈಯುವ ಮನಸ್ಸಾಗಲಿಲ್ಲ. ಎಮ್ಮೆ ಯಾವ ಕಡೆ ಮುಖ ಮಾಡಿ ಮಲಗಿತ್ತು ಎಂದು ಕೇಳಿದೆ. ಅವನು ಹೇಳಿದ. ಉಳಿದ ಮಕ್ಕಳೂ ಕೇಳತೊಡಗಿದರು. ಯಾವ ಚಪ್ಪಲಿ, ಎಡದ್ದೋ ಬಲದ್ದೋ, ಕೊನೆಗೆ ಎಮ್ಮೆ ಯಾಕೆ ಎದ್ದಿತು? ಅವನು ಒಂದಕ್ಕೂ ತಡವರಿಸಲಿಲ್ಲ. ಎಮ್ಮೆಗೆ ಕನಸು ಬಿದ್ದು ಬೆಚ್ಚಿ ಎದ್ದಿತಂತೆ. ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈಗ ಇದನ್ನೇ ಬರಿಯಪ್ಪ ಎಂದೆ. ಬರೆದ. ನನ್ನ ಶಿಬಿರಗಳಲ್ಲಿ ಹುಟ್ಟಿದ ಮೊದಲ ಕಥೆ ಅದು. ಆ ಹುಡುಗ ಈಗೆಲ್ಲಿದ್ದಾನೋ, ಅವನು ತಡವಾಗಿ ಬರದಿದ್ದರೆ ನಾನು ಇವತ್ತಿಗೂ ರಾಜನ ಮಕ್ಕಳನ್ನೇ ತಿದ್ದುತ್ತಿದ್ದೆ.

ಅಲ್ಲಿಂದ ಮುಂದೆ ಶಿಬಿರದ ಮೊದಲ ಗಂಟೆ ಸುಳ್ಳಿನ ಪೀರಿಯಡ್ಡಾಯಿತು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ದುಂಡನೆಯ ಗೆರೆ ಹಾಕುತ್ತಿದ್ದೆ. ಒಳಗೆ ನಿಂತವರು ಸುಳ್ಳು ಹೇಳಬೇಕು. ಕೇಳುವವರು ಸುಳ್ಳು ಎಂದು ಕೂಗುವಂತಿಲ್ಲ, ಪ್ರಶ್ನೆ ಕೇಳಬಹುದು. ಆ ಹೊತ್ತಿನಲ್ಲಿ ಬಾಗಿಲು ದಾಟಿ ಯಾರೇ ಒಳಗೆ ಬಂದರೂ, ಬಿಸಿಯೂಟದ ಅಡುಗೆಯವರಾಗಲಿ ಊರ ಗೌಡರಾಗಲಿ, ಒಂದು ಸುಳ್ಳು ಹೇಳಿಯೇ ಕೂರಬೇಕು. ಆಮೇಲೆ ಎಲ್ಲರೂ ತಾವು ಹೇಳಿದ್ದನ್ನು ಬರೆಯಬೇಕು. ಇಷ್ಟೇ ನನ್ನ ವಿದ್ಯೆ.

ಇದಕ್ಕೆ ಬೈಸಿಕೊಂಡಿದ್ದೇನೂ ಕಡಿಮೆ ಇಲ್ಲ. ಬಸವಾಪಟ್ಟಣದಲ್ಲಿ ಒಬ್ಬ ಅಜ್ಜಿ ಕೋಲೂರಿಕೊಂಡು ಶಾಲೆಗೇ ಬಂದು, ಮೊದಲು ನನ್ನ ಮೊಮ್ಮಗ ಸುಳ್ಳು ಹೇಳುವಾಗ ಸಿಕ್ಕಿಬೀಳುತ್ತಿದ್ದ, ಈಗ ಸಿಕ್ಕಿಬೀಳುವುದೂ ಇಲ್ಲ ಎಂದು ದೂರಿದರು. ಅವರನ್ನೂ ಗೆರೆಯೊಳಗೆ ನಿಲ್ಲಿಸಿದೆವು. ಸಂಜೆಯಾದರೂ ಅವರು ಮನೆಗೆ ಹೋಗಲಿಲ್ಲ.

ಮೇಲಧಿಕಾರಿಗಳ ವಿಷಯಕ್ಕೆ ಬಂದರೆ, ನೀವು ಅವರಿಗೆ ಹೆದರುತ್ತೀರಿ ಎಂದು ಗೊತ್ತು. ನಾನೂ ಹೆದರುತ್ತಿದ್ದೆ. ಹೊನ್ನಾಳಿಯ ಶಿಬಿರಕ್ಕೆ ಒಬ್ಬ ಸಾಹೇಬರು ಹೇಳದೆ ಕೇಳದೆ ಬಂದರು. ಹೊಸಬರು, ಬಹಳ ಸ್ಟ್ರಿಕ್ಟು ಎಂದು ಹೆಸರಾಗಿದ್ದವರು. ಬಂದಿದ್ದು ಸರಿಯಾಗಿ ಸುಳ್ಳಿನ ಪೀರಿಯಡ್ಡಿಗೆ. ಮಕ್ಕಳು ಎದ್ದು ನಮಸ್ತೆ ಸಾರ್ ಎಂದು ರಾಗ ಎಳೆದು, ಮರುಕ್ಷಣವೇ ಅವರಿಗೆ ಗೆರೆ ತೋರಿಸಿದರು. ಏನಿದು ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಗೆರೆಯೊಳಗೆ ಹೋಗಿ ನಿಂತು, ನಾನು ಚಿಕ್ಕವನಿದ್ದಾಗ ಒಂದು ದಿನವೂ ಶಾಲೆ ತಪ್ಪಿಸಿದವನಲ್ಲ ಎಂದರು. ಮಕ್ಕಳು ಬಿಡುತ್ತಾರೆಯೇ? ತಪ್ಪಿಸಿ ಎಲ್ಲಿಗೆ ಹೋಗುತ್ತಿದ್ದಿರಿ ಸಾರ್ ಎಂದು ಗಂಟುಬಿದ್ದರು. ತುಂಗಭದ್ರೆಯ ದಂಡೆ, ಅಲ್ಲಿ ಮರಳಿನಲ್ಲಿ ಹೂತಿಟ್ಟ ಚೀಲ, ಮನೆಯಲ್ಲಿ ತಿಂದ ಏಟು ಎಲ್ಲ ಹೊರಬಿತ್ತು. ಡ್ರೈವರ್ ಎರಡು ಸಲ ಬಂದು ಇಣುಕಿ ಹೋದ. ಹೋಗುವಾಗ ಸಾಹೇಬರು ಸಂದರ್ಶಕರ ಪುಸ್ತಕದಲ್ಲಿ ಶಿಬಿರ ಚೆನ್ನಾಗಿದೆ ಎಂದಷ್ಟೇ ಬರೆದರು. ಆದರೆ ಆಮೇಲೆ ಈ ಪೀರಿಯಡ್ಡಿನ ಮೇಲೆ ಬಂದ ದೂರುಗಳನ್ನೆಲ್ಲ ಅವರೇ ನುಂಗಿಕೊಂಡರು, ನನ್ನವರೆಗೆ ಬರಗೊಡಲಿಲ್ಲ. ಅವರ ಉಪಕಾರ ನಾನು ಮರೆಯುವಂಥದ್ದಲ್ಲ.

ಈಚೆಗೆ ಎಲ್ಲರೂ ಕೇಳುವುದು ಮೊಬೈಲಿನ ಬಗ್ಗೆ. ಮಕ್ಕಳು ಕಥೆಯನ್ನು ಫೋನಿನ ಹತ್ತಿರವೇ ಬರೆಸಿಕೊಂಡು ಬರುತ್ತಾರೆ, ಏನು ಮಾಡುವುದು ಎಂದು. ನ್ಯಾಮತಿಯಲ್ಲಿ ನನಗೂ ಇದು ಆಯಿತು. ಒಬ್ಬಳು ಮೊಲದ ಕಥೆ ತಂದಳು, ಒಂದು ಅಕ್ಷರ ತಪ್ಪಿಲ್ಲ. ಜೊತೆಗಿದ್ದ ಮೇಷ್ಟ್ರು ಹರಿದು ಹಾಕಲು ಹೊರಟರು, ತಡೆದೆ. ಅವಳನ್ನು ಗೆರೆಯೊಳಗೆ ನಿಲ್ಲಿಸಿ ಮಕ್ಕಳಿಗೆ ಪ್ರಶ್ನೆ ಕೇಳಲು ಬಿಟ್ಟೆ. ಮೊಲದ ಮನೆ ಯಾವ ಬೀದಿ, ಅದರ ಅತ್ತೆ ಜೋರೋ ಮೆದುವೋ? ಫೋನು ಅವಳಿಗೆ ಅದನ್ನೆಲ್ಲ ಹೇಳಿಕೊಟ್ಟಿರಲಿಲ್ಲ. ಅವಳು ನಕ್ಕು, ಸಂತೆ ಮೈದಾನದ ಹಿಂದೆ ಮನೆ, ಅತ್ತೆ ಬಾಯಿ ಜೋರು ಎಂದು ತಾನೇ ಶುರುಮಾಡಿದಳು. ಸಂಜೆಗೆ ಕಥೆ ಅವಳದಾಗಿತ್ತು. ಫೋನಿಗೆ ಹೆದರಬೇಡಿ, ಪ್ರಶ್ನೆ ಕೇಳುವುದನ್ನು ನಿಲ್ಲಿಸಬೇಡಿ.

ಇಷ್ಟೆಲ್ಲ ಗೆದ್ದ ನನ್ನ ಪೀರಿಯಡ್ಡು ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು. ಅದು ಜಗಳೂರು ಸೀಮೆಯ ಒಂದು ಹಳ್ಳಿ. ಊರಿನ ಹೆಸರು ಬೇಡ.

ಆ ಊರಿನಲ್ಲಿ ನೀರು ಬೋರಿನದು. ಕರೆಂಟು ಬಂದಾಗ ಮೋಟರ್ ಹಾಕಿ, ಟ್ಯಾಂಕ್ ತುಂಬಿಸಿ, ಒಂದೊಂದು ಬೀದಿಗೆ ಒಂದೊಂದು ವಾಲು ತಿರುಗಿಸಿ ಬಿಡಬೇಕು. ಆ ಕೆಲಸ ಮಾಡುವ ಪಂಚಾಯಿತಿಯ ನೀರುಗಂಟಿ ತಿಪ್ಪೇಸ್ವಾಮಿ. ಯಾವಾಗ ನೋಡಿದರೂ ಟಿವಿಎಸ್ ಗಾಡಿಯ ಮೇಲೆ ಬೋರಿಗೂ ಊರಿಗೂ ಓಡಾಡುತ್ತಿರುತ್ತಿದ್ದ. ಕರೆಂಟು ಯಾವಾಗ ಬರುತ್ತದೋ ಅವನಿಗೂ ಗೊತ್ತಿಲ್ಲ, ಆದರೆ ಊರಿನವರು ಕೇಳುವುದು ಅವನನ್ನೇ. ಅವನ ಮಗಳು ಪವಿತ್ರ ನಮ್ಮ ಶಿಬಿರಕ್ಕೆ ಬರುತ್ತಿದ್ದಳು. ಆರನೇ ಕ್ಲಾಸು ಮುಗಿಸಿದ್ದವಳು, ಬಲು ಮೌನಿ. ಶಿಬಿರ ಶುರುವಾಗಿ ಎಷ್ಟೋ ದಿನವಾದರೂ ಗೆರೆಯೊಳಗೆ ಕಾಲಿಟ್ಟಿರಲಿಲ್ಲ. ನಾನೂ ಬಲವಂತ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ತಾನಾಗಿ ಎದ್ದು ಬಂದು ನಿಂತಳು. "ಇವತ್ತು ಊಟಕ್ಕೆ ಬಿಟ್ಟಾಗ ನಮ್ಮ ಬೀದಿಗೇ ಮೊದಲು ನೀರು ಬರ್ತೈತೆ," ಎಂದಳು. ಎಷ್ಟು ನೀರು ಎಂದು ಮಕ್ಕಳು ಕೇಳಿದರು. ಹಂಡೆ ತುಂಬುತ್ತದೆ, ತೊಟ್ಟಿ ತುಂಬುತ್ತದೆ, ನಾಯಿಗೂ ಸ್ನಾನ ಮಾಡಿಸುತ್ತೇವೆ ಎಂದಳು. ಮೌನಗೌರಿಯ ಬಾಯಿ ಬಿಚ್ಚಿತಲ್ಲ ಎಂದು ನನಗೆ ಖುಷಿಯೋ ಖುಷಿ.

ಎಮ್ಮೆ ಆಕಾಶದಲ್ಲಿ ಹಾರಿತು, ಬಸ್ಸು ಮರಿ ಹಾಕಿತು ಎಂಬುದನ್ನೆಲ್ಲ ಕೇಳಿ ನಕ್ಕು ಮರೆತಿದ್ದ ಮಕ್ಕಳು ಇದನ್ನು ಮಾತ್ರ ನಂಬಿಬಿಟ್ಟವು. ಹೇಳಿದವಳು ನೀರುಗಂಟಿಯ ಮಗಳಲ್ಲವೇ! ಊಟಕ್ಕೆ ಬಿಟ್ಟ ಕೂಡಲೇ ಅವಳ ಬೀದಿಯ ಮಕ್ಕಳು ಮನೆಗೆ ಓಡಿದವು. ತಾಯಂದಿರು ಒಲೆ ಆರಿಸಿ ನಲ್ಲಿಕಟ್ಟೆಯಲ್ಲಿ ಕೊಡ ಸಾಲಿಟ್ಟರು. ಕೊಡದ ಸಾಲು ಮೇಲಿನ ಬೀದಿಯವರ ಕಣ್ಣಿಗೆ ಬಿತ್ತು. ಮೇಲಿನ ಬೀದಿ ಟ್ಯಾಂಕಿನ ಪಕ್ಕದ್ದು, ಮೊದಲು ನೀರು ಬರುತ್ತಿದ್ದುದು ಯಾವಾಗಲೂ ಅಲ್ಲಿಗೇ. ಅಲ್ಲಿ ಓಬಮ್ಮ ಎಂಬ ಗಟ್ಟಿಗಿತ್ತಿ ಇದ್ದರು. ಓಹೋ, ನಮಗೆ ಕರೆಂಟಿಲ್ಲ ಎಂದು ಹೇಳಿ ಸ್ವಂತ ಬೀದಿಗೆ ಕದ್ದು ಬಿಟ್ಟುಕೊಳ್ಳುತ್ತಿದ್ದಾನೆ ಎಂದು ಅವರು ಬೀದಿಯನ್ನೇ ಕಟ್ಟಿಕೊಂಡು ಬಂದರು. ತಿಪ್ಪೇಸ್ವಾಮಿ ಬೋರಿನ ಹತ್ತಿರದಿಂದ ಬರುವಷ್ಟರಲ್ಲಿ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿತ್ತು. ಪಂಚಾಯಿತಿ ಮೆಂಬರು ಬಂದು, ಇವನನ್ನು ತೆಗೆದು ಬೇರೆಯವರನ್ನು ನೋಡೋಣ ಎಂದು ಎಲ್ಲರ ಮುಂದೆ ಹೇಳಿ ಹೋದರು.

ಮಧ್ಯಾಹ್ನ ತಿಪ್ಪೇಸ್ವಾಮಿ ಶಾಲೆಗೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಮೇಡಂ, ಊರು ನಂಗೆ ಏನು ಬೇಕಾದ್ರೂ ಅಂದೈತೆ," ಎಂದ. "ಸೋಮಾರಿ ಅಂದೈತೆ, ಕುಡುಕ ಅಂದೈತೆ. ಸ್ವಂತಕ್ಕೆ ನೀರು ಬಿಟ್ಕೊಂಡ ಅಂತ ಮಾತ್ರ ಇವತ್ತಿನ ತಂಕ ಯಾರೂ ಅಂದಿರ್ಲಿಲ್ಲ. ಅದೊಂದು ಉಳಿಸ್ಕೊಂಡಿದ್ದೆ ರೀ."

ಆಮೇಲೆ ಮಗಳ ಕಡೆ ತಿರುಗಿ ಬಾರವ್ವ ಎಂದ. ಅವಳು ನನ್ನ ಮುಖ ನೋಡದೆ ಅವನ ಹಿಂದೆ ಹೋದಳು.

ಸಂಜೆ ಮೆಂಬರ ಮನೆಗೆ ಹೋಗಿ, ಇದು ಮಕ್ಕಳ ಆಟ, ಅವನ ತಪ್ಪು ಇಲ್ಲ ಎಂದು ವಿವರಿಸಿದೆ. ಅವರು ಕಾಫಿ ಕೊಟ್ಟು, ಮರ್ಯಾದೆ ಮಾಡಿ, ಕೊನೆಗೆ ನಕ್ಕರು. ಸುಳ್ಳು ಹೇಳುವುದಕ್ಕೆ ಸರ್ಕಾರಿ ಶಾಲೆಯಲ್ಲಿ ಪೀರಿಯಡ್ಡು ಇದೆ ಎಂದರೆ ಯಾರು ನಂಬುತ್ತಾರೆ, ನೀರುಗಂಟಿಯನ್ನು ಉಳಿಸಲು ನೀವು ಹೇಳುತ್ತಿರುವ ಕಥೆ ಇದು ಎಂದುಬಿಟ್ಟರು. ಅಷ್ಟು ವರ್ಷ ಸುಳ್ಳು ಹೇಳಿಸಿದವಳು ನಿಜ ಹೇಳಲು ಹೋಗಿ ಸೋತು ಬಂದೆ. ಶಿಬಿರ ಏರ್ಪಡಿಸಿದ್ದ ಊರಿನ ಯುವಕರು, ಆ ಪೀರಿಯಡ್ಡು ಬಿಟ್ಟು ಚಿತ್ರ ಬರೆಸಿ ಮೇಡಂ ಎಂದರು. ನಾನು ಹೂಂ ಎಂದೆ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಪವಿತ್ರ ನಿಂತಿದ್ದಳು. ಒಳಗೆ ಬರಲಿಲ್ಲ. ಕೈಯಲ್ಲಿ ಒಂದು ಹಾಳೆ. ಅಪ್ಪನಿಗೆ ಗೊತ್ತಿಲ್ಲ, ಅವ್ವ ಹೋಗು ಎಂದು ಕಳಿಸಿದಳು ಎಂದಳು. ಬರೆದದ್ದನ್ನು ಓದಬೇಕು, ಆದರೆ ಇಲ್ಲಿ ಅಲ್ಲ, ಮೇಲಿನ ಬೀದಿಯ ನಲ್ಲಿಕಟ್ಟೆಯಲ್ಲಿ ಎಂದಳು. ಆ ಹೊತ್ತಿಗೆ ಅಲ್ಲಿ ನೀರು ಬಿಟ್ಟಾಗಿತ್ತು. ತಿಪ್ಪೇಸ್ವಾಮಿ ಬೋರಿನ ಹತ್ತಿರವೇ ಇರುತ್ತಿದ್ದ. ನಾನು ಒಂದು ಗಳಿಗೆ ಯೋಚಿಸಿದೆ. ಮಗುವನ್ನು ಆ ಹೆಂಗಸರ ಬಾಯಿಗೆ ಕೊಡುವುದೇ ಎಂದು ಹೆದರಿಕೆ. ಆದರೆ ಅವಳ ಮುಖ ನೋಡಿದರೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಇಡೀ ಶಿಬಿರವೇ ಸಾಲಾಗಿ ಹೊರಟಿತು.

ನಲ್ಲಿಕಟ್ಟೆಯಲ್ಲಿ ಹೆಂಗಸರ ಗದ್ದಲ. ಈ ಮಗು ಏನೋ ಓದುತ್ತಾಳೆ, ಕೇಳಿ ಎಂದಷ್ಟೇ ಹೇಳಿದೆ. ನೀರು ಬಿಟ್ಟ ಹೊತ್ತಿನಲ್ಲಿ ಕಥೆ ಕೇಳುತ್ತಾ ಕೂರುವವರು ಯಾರು ಎಂದು ಓಬಮ್ಮ ಕೊಡ ತಿಕ್ಕುತ್ತಲೇ ಇದ್ದರು. ಪವಿತ್ರ ಓದಲು ಶುರುಮಾಡಿದಳು. ಮೊದಲು ಯಾರಿಗೂ ಕೇಳಿಸಲಿಲ್ಲ. ಒಬ್ಬರು ನಲ್ಲಿ ನಿಲ್ಲಿಸಿದರು. ಆಗ ಕೇಳಿಸಿತು.

"ನಿನ್ನೆ ನಾನು ಹೇಳಿದ್ದು ಸುಳ್ಳು. ನಮ್ಮಪ್ಪಂಗೆ ಗೊತ್ತಿಲ್ಲ. ನಮ್ಮ ಬೀದಿಗೆ ಅಪ್ಪ ಕೊನೆಗೆ ನೀರು ಬಿಡ್ತಾನೆ. ಮೊದಲು ಬಿಟ್ರೆ ಸ್ವಂತಕ್ಕೆ ಬಿಟ್ಕೊಂಡ ಅಂತಾರೆ ಅಂತ. ಕೊನೆಗೆ ಬರೋ ಹೊತ್ತಿಗೆ ಕರೆಂಟ್ ಹೋಗಿರ್ತೈತೆ. ಆಗ ನಮ್ಮವ್ವ ಕೊಡ ತಗೊಂಡು ಮೇಲಿನ ಬೀದಿಗೆ ಹೋಗ್ತಾಳೆ. ನೀರುಗಂಟಿ ಹೆಂಡ್ತಿ ನೀರು ಕೇಳಾಕೆ ಬಂದ್ಲು ನೋಡ್ರೀ ಅಂತ ಅಲ್ಲಿ ನಗ್ತಾರೆ. ಅವ್ವನೂ ಅವರ ಜೊತೆ ನಗ್ತಾಳೆ. ಮನೆಗೆ ಬಂದ ಮೇಲೆ ನಗಲ್ಲ. ಅದಕ್ಕೇ ನಾನು ಆ ಸುಳ್ಳು ಹೇಳಿದೆ."

ಅಷ್ಟೇ ಇದ್ದದ್ದು. ಓದಿ ಮುಗಿಸಿ ಹಾಳೆ ಮಡಚಿಕೊಂಡು ನಿಂತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಓಬಮ್ಮನೇ ಎಂದು ಆಮೇಲೆ ತಿಳಿಯಿತು. ಅವರು ಕೊಡ ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ಮೆಂಬರ ಮನೆಯ ಕಡೆ ನಡೆದರು. ಅಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ನನ್ನ ವಿವರಣೆಗೆ ಕಾಫಿ ಕೊಟ್ಟು ನಕ್ಕಿದ್ದ ಮೆಂಬರು ಅವರ ಮುಂದೆ ನಗಲಿಲ್ಲವಂತೆ. ಬೇರೆ ನೀರುಗಂಟಿಯ ಮಾತು ಅಂದಿಗೇ ನಿಂತಿತು. ಮರುದಿನ ತಿಪ್ಪೇಸ್ವಾಮಿ ಮಗಳನ್ನು ಗಾಡಿಯಲ್ಲಿ ಗೇಟಿನವರೆಗೆ ತಂದು ಬಿಟ್ಟು, ನನ್ನ ಕಡೆ ತಲೆಯಾಡಿಸಿ ಹೋದ.

ಸುಳ್ಳಿನ ಪೀರಿಯಡ್ಡನ್ನು ನಾನು ಮತ್ತೆ ಶುರುಮಾಡಿದೆ, ಒಂದು ನಿಯಮ ಸೇರಿಸಿ. ನೀರು, ಬಸ್ಸು, ರೇಷನ್ನು, ಇವುಗಳ ಬಗ್ಗೆ ಸುಳ್ಳು ಹೇಳುವಂತಿಲ್ಲ, ಜನ ನಂಬಿಬಿಡುತ್ತಾರೆ. ನೀವೂ ಇದನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಾಗಿ ಇನ್ನೊಂದನ್ನು ನೆನಪಿಡಿ. ಎಮ್ಮೆ, ಮೊಲ ಎಂದು ನಾನು ನಗುತ್ತಾ ಕೇಳಿಸಿಕೊಂಡ ಸುಳ್ಳುಗಳಲ್ಲಿ ಎಷ್ಟೋ ಮಕ್ಕಳು ತಮಗೆ ಏನು ಬೇಕೆಂದು ಹೇಳುತ್ತಿದ್ದರು. ಅದು ನನಗೆ ಪವಿತ್ರಳಿಂದ ತಿಳಿಯಿತು. ಕೆಲಸದಲ್ಲಿ ನನಗೆ ಸಿಕ್ಕ ಶಾಲು, ಹಾರ, ಫಲಕಗಳನ್ನೆಲ್ಲ ಒಂದು ಕಡೆ ಇಟ್ಟರೂ ಆ ಹುಡುಗಿ ಕೊಟ್ಟದ್ದರ ತೂಕಕ್ಕೆ ಬರುವುದಿಲ್ಲ. ಆ ಊರಿಗೆ, ಆ ನಲ್ಲಿಕಟ್ಟೆಗೆ ನಾನು ಋಣಿ.

ಶಿಬಿರದ ಕೊನೆಯ ದಿನ ಊರಿನವರನ್ನೆಲ್ಲ ಕರೆದಿದ್ದೆವು. ಹೆಂಗಸರು ಹಿಂದಿನ ಸಾಲಿನಲ್ಲಿ ಕೂತರು. ಮೆಂಬರೂ ಬಂದಿದ್ದರು. ಸುಳ್ಳಿನ ಪೀರಿಯಡ್ಡು ನಡೆಯುತ್ತಿದ್ದಾಗ ತಿಪ್ಪೇಸ್ವಾಮಿ ಬಾಗಿಲಿಗೆ ಬಂದು ಒಳಗೆ ಒಂದು ಕಾಲಿಟ್ಟ. ಮಕ್ಕಳು ಬಿಡಲಿಲ್ಲ, ಕೈಹಿಡಿದು ಎಳೆದು ತಂದು ಗೆರೆಯೊಳಗೆ ನಿಲ್ಲಿಸಿದರು. ಅವನು ಹೆಗಲ ಟವಲನ್ನು ಕೈಗೆ ತೆಗೆದುಕೊಂಡ.

"ನಾಳೆ ಬೆಳಿಗ್ಗೆ ಆರಕ್ಕೆ ಸರಿಯಾಗಿ ನೀರು ಬಿಡ್ತೀನಿ," ಎಂದ.

ನೀರಿನ ಸುಳ್ಳು ಬೇಡವೆಂಬ ನಿಯಮ ಅವನಿಗೆ ಗೊತ್ತಿರಲಿಲ್ಲ. ಊರಿಗೆ ಊರೇ ನಕ್ಕಿತು. ನಗು ನಿಲ್ಲುವ ಮೊದಲೇ ಓಬಮ್ಮ ಕೂತಲ್ಲಿಂದ ಎದ್ದರು.

"ನೀನು ಯಾವಾಗ ಬಿಟ್ರೂ ಹಿಡ್ಕೊತೀವಿ ಬಿಡಪ್ಪ. ಆದ್ರೆ ನಾಳೆ ಮೊದಲು ನಿಮ್ಮ ಬೀದಿ ವಾಲು ತಿರುಗಿಸ್ಬೇಕು. ನಮ್ದು ಆಮ್ಯಾಲೆ."

ತಿಪ್ಪೇಸ್ವಾಮಿಯ ಮುಖದ ನಗು ಹೋಯಿತು. "ಬ್ಯಾಡಕ್ಕ, ನಮ್ದು ಕೊನೆಗೇ ಇರ್ಲಿ," ಎಂದ.

"ನಿನ್ನ ಯಾರು ಕೇಳಿದ್ರು? ಬೀದಿಯೋರೆಲ್ಲ ಮಾತಾಡಿ ಆಗೈತೆ. ದಿನಾ ಒಂದೊಂದು ಬೀದಿಗೆ ಮೊದಲು. ನಾಳೆ ನಿಮ್ಮದು. ವಾಲು ತಿರುಗ್ಸೋದಷ್ಟೇ ನಿನ್ನ ಕೆಲ್ಸ."

ಅವನು ಮೆಂಬರ ಕಡೆ ನೋಡಿದ. ಮೆಂಬರು ತಲೆಯಾಡಿಸಿದರು. ಮಕ್ಕಳು ಚಪ್ಪಾಳೆ ಹೊಡೆದವು. ಆ ಗದ್ದಲದಲ್ಲಿ ಹಿಂದಿನ ಸಾಲಿನಿಂದ ತಿಪ್ಪೇಸ್ವಾಮಿಯ ಹೆಂಡತಿ ಎದ್ದು ಸದ್ದಿಲ್ಲದೆ ಬಾಗಿಲ ಕಡೆ ಹೊರಟಳು. ಮಗಳ ಓದು ಇನ್ನೂ ಬಾಕಿ ಇತ್ತು, ಪ್ರಮಾಣಪತ್ರ ಕೊಡುವುದಿತ್ತು. ಬೇಜಾರಾಯಿತೇನೋ ಎಂದು ನಾನು ಹಿಂದೆಯೇ ಓಡಿ, ಯಾಕಮ್ಮ, ಎಲ್ಲಿಗೆ ಹೊರಟೆ ಎಂದು ಕೇಳಿದೆ.

"ಈಗ ಬಂದೆ ಮೇಡಂ," ಎಂದಳು. "ಹಂಡೆ ತೊಳೆದಿಟ್ಟು ಬರ್ತೀನಿ."